ಕೊನೆಯ ಗಾಡಿ

ಗುಂಪಿನಲ್ಲಿ ಹೊರಟವರು ಯಾರ ವೇಗಕ್ಕೆ ನಡೆಯಬೇಕು? ಹೆಂಗಸರಾದ ನಮಗೆ ಈ ಪ್ರಶ್ನೆ ಹೊಸದಲ್ಲ. ಜಾತ್ರೆಯಿಂದ ಮರಳುವಾಗ ಗಂಡಸರು ಹರಟುತ್ತ ಬಹಳ ಮುಂದೆ ಹೋಗಿರುತ್ತಾರೆ. ಹಿಂದೆ ಸೊಸೆಯ ಕಂಕುಳಲ್ಲಿ ಕೂಸು, ಅತ್ತೆಗೆ ಮೊಣಕಾಲು ನೋವು, ಚಿಕ್ಕ ಹುಡುಗ ಆಟಿಗೆ ಅಂಗಡಿಯ ಮುಂದೆ ಬೇರುಬಿಟ್ಟಿದ್ದಾನೆ. ಎಲ್ಲರ ತಲೆ ಎಣಿಸಿ ಬಸ್ ಸ್ಟ್ಯಾಂಡಿಗೆ ತಂದು ಮುಟ್ಟಿಸುವವಳು ಒಬ್ಬಳು ಇದ್ದೇ ಇರುತ್ತಾಳೆ. ಬಸ್ಸು ತಪ್ಪಿದರೆ ಬೈಸಿಕೊಳ್ಳುವವಳೂ ಅವಳೇ. ಹೀಗೆ ಹಿಂದುಳಿದು ನಡೆಯುವುದಕ್ಕೆ ಒಂದು ಮರ್ಯಾದೆ ಇದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ನಾನು ಅದನ್ನು ಕೇಳಿದ್ದು ಅರವತ್ತೆರಡನೆಯ ವಯಸ್ಸಿನಲ್ಲಿ, ಅದೂ ಮೋಟಾರ್ ಸೈಕಲ್ಲಿನ ಮೇಲೆ ಊರೂರು ತಿರುಗುವ ಹುಡುಗರ ಬಾಯಿಂದ.

ನನ್ನ ತಂಗಿಯ ಮಗಳು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾಳೆ. 2025ರ ಫೆಬ್ರುವರಿಯಲ್ಲಿ ಅವಳು ತನ್ನ ಗೆಳೆಯರೊಂದಿಗೆ ಹನ್ನೊಂದು ಗಾಡಿಗಳ ಮೇಲೆ ಯಲ್ಲಾಪುರ, ಅರಬೈಲ್ ಘಾಟಿನ ಮೂಲಕ ಇಳಿದು ಅಂಕೋಲೆಯ ನಮ್ಮ ಮನೆಗೆ ಬಂದಳು. ಒಂದು ರಾತ್ರಿ ಇಲ್ಲಿ ತಂಗಿ, ಮರುದಿನ ಕಾರವಾರ, ಕದ್ರಾ, ಅಣಶಿ, ಕುಂಬಾರವಾಡಾ, ಜೋಯಿಡಾ ದಾಟಿ ದಾಂಡೇಲಿಯ ಕಡೆಯಿಂದ ಹುಬ್ಬಳ್ಳಿಗೆ ಮರಳುವುದೆಂದು ಅವರ ಲೆಕ್ಕ. ಕುಂಬಾರವಾಡಾದ ಕಡೆ ನಾನು ನಾಲ್ಕು ವರ್ಷ ಶಾಲೆಯಲ್ಲಿ ಕಲಿಸಿದವಳು. ಆ ಹೆಸರು ಕೇಳುತ್ತಲೇ ನನ್ನ ಮುಖ ಏನಾಯಿತೋ, ಹುಡುಗಿ, "ದೊಡ್ಡಮ್ಮ, ನೀನೂ ಬಾ, ನನ್ನ ಹಿಂದೆ ಕೂತ್ಕೋ" ಎಂದಳು. ಬೆಳಿಗ್ಗೆ ಹೆಲ್ಮೆಟ್ಟು ಹಾಕಿಕೊಂಡು ಗೇಟಿನ ಹೊರಗೆ ಬಂದಾಗ ನೆರೆಮನೆಯಾಕೆ ಕೇಳಿದಳು: "ಅಕ್ಕೋರೆ, ಈ ಪ್ರಾಯದಲ್ಲಿ ಬೈಕು ಎಂತಕ್ಕೆ?" ಕುಳಿತುಕೊಳ್ಳುವುದಕ್ಕೆ ಪ್ರಾಯ ಯಾಕೆ ಬೇಕು ಎಂದು ನಾನು ಕುಳಿತೇಬಿಟ್ಟೆ.

ಹಿಂದಿನ ರಾತ್ರಿ ಬಂಗಡೆ ಸಾರು, ಕುಚ್ಚಲಕ್ಕಿ ಅನ್ನ ಉಣ್ಣುತ್ತ ಆ ಹುಡುಗರು ತಮ್ಮ ಕಟ್ಟಳೆಗಳನ್ನು ಹೇಳಿದ್ದರು. ದಾರಿ ಬಲ್ಲವನು ಎಲ್ಲರಿಗಿಂತ ಮುಂದೆ. ಹೊಸದಾಗಿ ಸೇರಿದವನು, ಅಂಜುಬುರುಕ, ಸಣ್ಣ ಎಂಜಿನ್ನಿನ ಗಾಡಿಯವನು ಅವನ ಬೆನ್ನಿಗೇ ಇರಬೇಕು. ಆಗ ಮುಂದಿನವನು ಮನಸ್ಸು ಬಂದಂತೆ ಓಡಿಸಲಾರ. ತಿರುವು ಬಂದಲ್ಲಿ ಹಿಂದಿನವನು ಕನ್ನಡಿಯಲ್ಲಿ ಕಾಣುವ ತನಕ ಯಾರೂ ಮುಂದೆ ಹೋಗುವಂತಿಲ್ಲ. ಇನ್ನು ಎಲ್ಲರಿಗಿಂತ ಕೊನೆಯ ಗಾಡಿ. ಅದನ್ನು ಓಡಿಸುವುದು ಸೋತವನಲ್ಲ, ಗುಂಪಿನಲ್ಲೇ ಪಳಗಿದ ಕೈ. ಪಂಕ್ಚರ್ ತಿದ್ದುವ ಸಾಮಾನು, ಔಷಧದ ಪೆಟ್ಟಿಗೆ ಅವನ ಹತ್ತಿರ. ಯಾರ ಗಾಡಿ ನಿಂತರೂ ಅವನೂ ನಿಲ್ಲಬೇಕು. ಅವನನ್ನು ದಾಟಿ ಯಾರೂ ಹಿಂದೆ ಉಳಿಯಬಾರದು. ನಮ್ಮ ಹುಡುಗಿ ಆ ಗುಂಪಿನ ಕೊನೆಯ ಗಾಡಿ ಎಂದು ತಿಳಿದಾಗ ನನಗೆ ಹೆಮ್ಮೆಯಾಯಿತು, ಮುಚ್ಚಿಡುವುದೇಕೆ?

ಕೊನೆಯ ಗಾಡಿಯಲ್ಲಿ ಕುಳಿತವರಿಗೆ ಒಂದು ಲಾಭವಿದೆ. ಮುಂದಿನವನು ಬರುವ ದಾರಿಯನ್ನು ನೋಡುತ್ತಾನೆ. ಕೊನೆಯವರು ಗುಂಪು ಹಾದುಹೋದ ಮೇಲೆ ದಾರಿ ಏನಾಯಿತು ಎಂಬುದನ್ನೂ ನೋಡುತ್ತಾರೆ. ಕೈಬೀಸುತ್ತ ಓಡಿಬಂದ ಮಕ್ಕಳು ಮೊದಲ ಗಾಡಿಗೆ ಕಾಣಿಸುವುದೇ ಇಲ್ಲ. ಬೆದರಿ ಹಗ್ಗ ಜಗ್ಗುವ ಎಮ್ಮೆ, ಅಂಗಳದಲ್ಲಿ ಮಲಗಿದ್ದು ಎದ್ದು ಅಳುವ ಕೂಸು, ಇವೆಲ್ಲ ಹತ್ತು ಗಾಡಿ ದಾಟಿದ ಮೇಲಿನ ದೃಶ್ಯಗಳು. ನಮ್ಮ ಗುಂಪಿನ ಇಬ್ಬರು ದುಡ್ಡು ಕೊಟ್ಟು ಸೈಲೆನ್ಸರ್ ಬದಲಿಸಿ ಸದ್ದು ಹೆಚ್ಚಿಸಿಕೊಂಡಿದ್ದರು. ಆ ಸದ್ದು ಗುಡ್ಡಕ್ಕೆ ಬಡಿದು ಮರಳಿ ಬರುವುದನ್ನು ಕೇಳಲು ಅವರೇ ಅಲ್ಲಿರಲಿಲ್ಲ, ನಾವಿಬ್ಬರು ಇದ್ದೆವು.

ಅಣಶಿ ಘಾಟು ಇನ್ನೂ ಹತ್ತಿರವೇ ಬಂದಿರಲಿಲ್ಲ. ಒಂದು ಕಿರಿದಾದ ತಿರುವಿನಲ್ಲಿ ತಲೆಯ ಮೇಲೆ ದರಕಿನ ದೊಡ್ಡ ಹೊರೆ ಹೊತ್ತ ಹೆಂಗಸೊಬ್ಬಳು ದರೆಗೆ ಬೆನ್ನು ಒತ್ತಿ ನಿಂತಿದ್ದಳು. ಗಾಡಿ ನಿಧಾನ ಮಾಡಿದೆವು. ಅವಳು ನನ್ನ ಬಿಳಿಗೂದಲನ್ನು ನೋಡಿ ಕೊಂಕಣಿಯಲ್ಲಿ ಕೇಳಿದಳು: "ಮುಗಿಯಿತೇ ಅಮ್ಮಾ, ಇನ್ನೂ ಇವೆಯೇ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ದಾರಿಗೆ ಇಳಿಯಬಹುದೇ ಎಂದು ತಿಳಿಯಬೇಕಿತ್ತು, ಅಷ್ಟೇ. ಗುಂಪಿನವರಿಗೆ ಕೊನೆಯ ಗಾಡಿ ಎಂದರೆ ಭರವಸೆ. ಅವಳಿಗೆ ಅದೇ ಕೊನೆಯ ಗಾಡಿ ಎಂದರೆ ಉಪದ್ರವ ಮುಗಿಯಿತು ಎಂಬ ಸೂಚನೆ. ಹನ್ನೊಂದು ಗಾಡಿಯವರು ಒಬ್ಬರಿಗಾಗಿ ಒಬ್ಬರು ಎಷ್ಟು ಚೆನ್ನಾಗಿ ಕಾದಿದ್ದರು! ಹೊರೆ ಹೊತ್ತವಳು ಮಾತ್ರ ಹನ್ನೊಂದು ಗಾಡಿಗಳಿಗಾಗಿ ಕಾದು ನಿಂತಿದ್ದಳು.

ಘಾಟು ಹತ್ತುವಾಗ ಈ ಮಾತು ನನ್ನನ್ನು ಬಿಡಲಿಲ್ಲ. ಅಣಶಿ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ದಾಂಡೇಲಿಯ ಅಭಯಾರಣ್ಯದೊಂದಿಗೆ ಸೇರಿ ಹುಲಿ ರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರನ್ನಿಟ್ಟರು. ಅಲ್ಲಿ ಮಂಗಟ್ಟೆ ಹಕ್ಕಿಗಳಿವೆ. ವರ್ಷದ ಮೊದಲ ತಿಂಗಳುಗಳಲ್ಲಿ ಹೆಣ್ಣು ಹಕ್ಕಿ ದೊಡ್ಡ ಮರದ ಪೊಟರೆಯೊಳಗೆ ಸೇರಿಕೊಂಡು ಬಾಗಿಲನ್ನು ಮುಚ್ಚಿಬಿಡುತ್ತದೆ. ಕೊಕ್ಕು ಹೊರಹಾಕುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗೇ ಮೊಟ್ಟೆ, ಒಳಗೇ ಮರಿ. ಗಂಡು ಹಕ್ಕಿ ದಿನವೂ ಹಣ್ಣು ತಂದು ಆ ಸೀಳಿನಲ್ಲಿ ತುರುಕಬೇಕು. ಗಂಡಿಗೆ ಏನಾದರೂ ಆಯಿತೆಂದರೆ ಪೊಟರೆಯೊಳಗಿನ ಸಂಸಾರಕ್ಕೂ ಉಪವಾಸ. ನಾವು ಹೋದದ್ದು ಅದೇ ದಿನಗಳಲ್ಲಿ. ಆ ಬಾಣಂತಿಯರು ಯಾವ ಮರದಲ್ಲಿದ್ದರೋ ನಮಗೆ ಕಾಣಲಿಲ್ಲ. ಕಾಣದವರನ್ನು ಕನ್ನಡಿಯಲ್ಲಿ ನೋಡುವುದು ಹೇಗೆ?

ಘಾಟು ಮುಗಿದ ಮೇಲೆ, ಒಣಹುಲ್ಲು ಹಳದಿಯಾಗಿ ಹರಡಿದ ಬೇಣದ ಅಂಚಿನಲ್ಲಿ ಚಹಾಕ್ಕೆಂದು ನಿಂತಾಗ ನಾನು ಇದನ್ನೇ ಆ ಹುಡುಗರ ಮುಂದಿಟ್ಟೆ. ನಿಮ್ಮ ಕಟ್ಟಳೆ ಬಹಳ ಒಳ್ಳೆಯದು. ಆದರೆ ಅದು ನಿಮ್ಮ ಹನ್ನೊಂದು ಗಾಡಿಗೇ ಮುಗಿಯುತ್ತದಲ್ಲ? ಒಬ್ಬ ಹುಡುಗ ನಕ್ಕು, "ಆಂಟಿ, ಎಲ್ಲಾರ್ನೂ ಕಾಯ್ಕೋಂತ ನಿಂತ್ರ ದಾಂಡೇಲಿ ಮುಟ್ಟೋದು ಯಾವಾಗ್ರಿ?" ಎಂದ. ಉಡಾಫೆಯ ಮಾತೆಂದು ಇದನ್ನು ತಳ್ಳಿಹಾಕಲಾಗದು. ಕಾಯುವುದಕ್ಕೆ ಬೆಲೆ ಇದೆ, ಆ ಬೆಲೆಯನ್ನು ಯಾರೋ ಒಬ್ಬರು ತೆರಬೇಕಾಗುತ್ತದೆ. ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ಸಾಮಾನ್ಯ ವಾಹನಗಳನ್ನು ನಿಲ್ಲಿಸಿದ್ದಾರೆ. ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯಬಾರದು ಎಂಬುದು ಕಾರಣ. ಆಂಬುಲೆನ್ಸಿನಂಥವಕ್ಕೆ ದಾರಿ ಬಿಡುತ್ತಾರೆ. ಆ ಕಡೆಯ ವ್ಯಾಪಾರಿಗಳು, ತರಕಾರಿ ಲಾರಿಯವರು ಇದರಿಂದ ತಮಗೆ ನಷ್ಟವೆಂದು ಹೇಳುತ್ತಲೇ ಬಂದಿದ್ದಾರೆ. ಅವರ ನಷ್ಟವೂ ಸುಳ್ಳಲ್ಲ, ಆನೆಯ ಜೀವವೂ ಸುಳ್ಳಲ್ಲ. ಹಾಗಾದರೆ ಯಾರು ಯಾರಿಗಾಗಿ ಕಾಯಬೇಕು?

ನನಗೆ ತೋರುವ ಉತ್ತರ ಆ ಹುಡುಗರ ಕಟ್ಟಳೆಯ ಒಳಗೇ ಇದೆ. ಅವರಲ್ಲಿ ಕಾಯುವವನು ಬಲ್ಲವನು, ಮುಂದೆ ಹೋಗಬಲ್ಲವನು. ಬೇಕೆಂದರೆ ಎಲ್ಲರನ್ನೂ ಹಿಂದೆ ಹಾಕುವ ಶಕ್ತಿ ಇದ್ದೂ ತಾನಾಗಿ ಕೊನೆಯಲ್ಲಿ ನಿಂತವನು. ಕಾಯುವುದು ಗುಣವಾಗುವುದು ಆಗ. ಶಕ್ತಿ ಇಲ್ಲದವರನ್ನು, ಬೇರೆ ದಾರಿ ಇಲ್ಲದವರನ್ನು ಕಾಯಲು ಹಚ್ಚಿ, ಅದಕ್ಕೆ ತಾಳ್ಮೆ ಎಂದು ಹೆಸರಿಟ್ಟು ಹೊಗಳುವುದು ಬೇರೆಯೇ ಸಂಗತಿ. ನಮ್ಮನ್ನು ಭೂಮಿತೂಕದವಳು, ಕ್ಷಮಯಾ ಧರಿತ್ರಿ ಎಂದು ಹೊಗಳಿದವರು ಬಹಳ ಮಂದಿ. ಆ ತೂಕವನ್ನು ಹೊರುವ ಸರದಿ ತಮ್ಮದೂ ಇರಬಹುದು ಎಂದವರು ಎಷ್ಟು ಜನ?

ಅಂಕೋಲೆಯವರಾದ ನಾವು ಈ ಎರಡು ಬಗೆಯ ಕಾಯುವಿಕೆಯನ್ನೂ ಕಂಡಿದ್ದೇವೆ. 2024ರ ಜುಲೈ 16ರ ಬೆಳಿಗ್ಗೆ ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ, ಗಂಗಾವಳಿ ಹೊಳೆಯೊಳಗೆ ಬಿತ್ತು. ರಸ್ತೆ ಅಗಲ ಮಾಡಲೆಂದು ಕಡಿದಿದ್ದ ಗುಡ್ಡ ಅದು. ದಾರಿಬದಿಯ ಚಹಾದಂಗಡಿ ನಡೆಸುತ್ತಿದ್ದ ಒಂದು ಸಂಸಾರವೇ ಹೋಯಿತು. ಕೇರಳದ ಒಬ್ಬ ಲಾರಿ ಚಾಲಕ ಲಾರಿಯ ಸಮೇತ ಕಾಣೆಯಾದ. ಮಳೆ, ಸೆಳವು, ಕೆಸರು ಯಾವುದೂ ಹುಡುಕಲು ಬಿಡುತ್ತಿರಲಿಲ್ಲ. ಆದರೂ ಹುಡುಕಾಟ ನಿಂತು ನಿಂತು ಮತ್ತೆ ನಡೆಯಿತು. ನೌಕಾಪಡೆಯವರು, ಮುಳುಗು ಹಾಕುವವರು ಇಳಿದರು. ಗೋವಾದಿಂದ ಹೂಳೆತ್ತುವ ಯಂತ್ರ ಬಂತು. ಸೆಪ್ಟೆಂಬರ್ 25ರಂದು ಲಾರಿಯೂ ಆತನ ದೇಹವೂ ಸಿಕ್ಕವು. ಬದುಕಿಲ್ಲವೆಂದು ಗೊತ್ತಿದ್ದೂ ಒಬ್ಬನನ್ನು ಹೊಳೆಯಲ್ಲಿ ಬಿಟ್ಟು ಹೋಗಬಾರದು ಎಂಬ ಹಟ ಅದು. ಆ ದಿನಗಳಲ್ಲಿ ನಮ್ಮೂರಿನ ಬಗ್ಗೆ, ಮನುಷ್ಯರ ಬಗ್ಗೆ ನನಗೆ ಗೌರವ ಹೆಚ್ಚಿತು.

ಅದೇ ಹೊತ್ತಿಗೆ ಹೊಳೆಯ ಆಚೆ ದಡದಲ್ಲಿ ಉಳುವರೆ ಎಂಬ ಊರಿತ್ತು. ಗುಡ್ಡ ಬಿದ್ದ ರಭಸಕ್ಕೆ ನೀರು ಎದ್ದು ಆ ಊರಿನ ಮನೆಗಳನ್ನು ಬಡಿದಿತ್ತು. ಅಲ್ಲಿಯೂ ಒಬ್ಬ ಹೆಂಗಸು ಜೀವ ಕಳೆದುಕೊಂಡಿದ್ದಳು. ಟಿ.ವಿ.ಯವರ ಕ್ಯಾಮೆರಾಗಳು ಹೆಚ್ಚಾಗಿ ಈಚೆ ದಡದಲ್ಲೇ ಇದ್ದವು. ಒಂದೇ ಗುಡ್ಡ, ಒಂದೇ ಹೊಳೆ. ಆದರೂ ದಾರಿಯ ಮೇಲಿದ್ದವರು ಕಂಡಷ್ಟು ದಾರಿ ಇಲ್ಲದ ಕಡೆಯವರು ಕಾಣಲಿಲ್ಲ. ಇದನ್ನು ಹೇಳುವುದು ಆ ಚಾಲಕನಿಗಾಗಿ ಕಾದದ್ದು ಹೆಚ್ಚಾಯಿತೆಂದಲ್ಲ. ಅಷ್ಟು ಕಾಯಬಲ್ಲ ನಮಗೆ ಇನ್ನಷ್ಟು ದೂರ ಕಣ್ಣು ಹಾಯಿಸುವುದೂ ಸಾಧ್ಯವಿತ್ತು ಎಂದು ಮಾತ್ರ.

ದೇಶವೂ ಒಂದು ಗುಂಪು ಪ್ರಯಾಣವೇ ಅಲ್ಲವೇ? ಕಾರವಾರ, ಅಂಕೋಲೆಯ ನಡುವೆ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಹಾಕಿದರು. 2005ರಲ್ಲಿ ನೆಲೆ ಕೆಲಸ ಆರಂಭಿಸಿತು. ಕಡಲಂಚಿನ ಮನೆ, ಗದ್ದೆ ಬಿಟ್ಟು ಎದ್ದ ಕುಟುಂಬಗಳಲ್ಲಿ ಎಷ್ಟೋ ಮಂದಿ ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟಿನ ಮೆಟ್ಟಿಲು ಹತ್ತಿಳಿದರು. ಮೇಲೆ ಜೋಯಿಡಾದ ಕಡೆ ಕಾಳಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಎಂಬ ಊರೇ ಮುಳುಗಿತು. ಆ ನೀರಿನಿಂದ ಹುಟ್ಟಿದ ವಿದ್ಯುತ್ತು ದೂರದ ಪೇಟೆಗಳನ್ನು ಬೆಳಗುತ್ತಿದ್ದ ಕಾಲದಲ್ಲಿ ನನ್ನ ಶಾಲೆಯ ಮಕ್ಕಳು ಚಿಮಣಿ ಬುಡ್ಡಿಯ ಮುಂದೆ ಮಗ್ಗಿ ಬರೆದು ತರುತ್ತಿದ್ದರು. ಪುಸ್ತಕದ ಹಾಳೆಗಳಿಗೆ ಸೀಮೆಎಣ್ಣೆಯ ವಾಸನೆ. ದೇಶಕ್ಕೆ ನೌಕಾನೆಲೆ ಬೇಡವೇ, ವಿದ್ಯುತ್ತು ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ನಾನು ಕೇಳುವುದು, ಆ ಮೆರವಣಿಗೆಯ ತಿರುವಿನಲ್ಲಿ ಕನ್ನಡಿ ನೋಡುವ ಕೆಲಸ ಯಾರಿಗೆ ಒಪ್ಪಿಸಲಾಗಿತ್ತು ಎಂದು. ಕೊನೆಯ ಗಾಡಿಗೆ ಪಳಗಿದ ಕೈಯನ್ನು ನೇಮಿಸುವ ಬುದ್ಧಿ ಹನ್ನೊಂದು ಜನ ಹುಡುಗರಿಗೆ ಇದೆ. ದೊಡ್ಡ ದೊಡ್ಡ ಯೋಜನೆಗಳಲ್ಲಿ ಆ ಜಾಗದಲ್ಲಿ ಬಹಳ ಸಲ ಯಾರೂ ಇರುವುದಿಲ್ಲ.

ಕುಂಬಾರವಾಡಾದಲ್ಲಿ ನಾನು ಇಳಿದುಕೊಂಡು, ಹಳೆಯ ಪರಿಚಯದವರನ್ನು ಕಂಡು ಸಂಜೆಯ ಬಸ್ಸಿಗೆ ಮರಳಿದೆ. ಒಂದು ತಿಂಗಳ ಮೇಲೆ ಹುಡುಗಿ ಫೋನು ಮಾಡಿದಳು. ಅವರ ಗುಂಪು ಈಗ ಹಳ್ಳಿ, ಕಾಡು ಬಂದಲ್ಲಿ ಮೂರು ಮೂರು ಗಾಡಿಗಳಾಗಿ ಒಡೆದು, ನಡುವೆ ಸಾಕಷ್ಟು ಅಂತರ ಬಿಟ್ಟು ಹೋಗುತ್ತದಂತೆ. ದಾರಿ ದಾಟುವವರಿಗೆ ಎಡೆ ಸಿಗಲಿ ಎಂದು. ಆ ಇಬ್ಬರಲ್ಲಿ ಒಬ್ಬ ಹಳೆಯ ಸೈಲೆನ್ಸರನ್ನೇ ಹಾಕಿಸಿಕೊಂಡಿದ್ದಾನೆ, ಇನ್ನೊಬ್ಬ ಒಪ್ಪಿಲ್ಲ. ಇದರಿಂದ ಕಾಡು ಉಳಿದೀತೇ ಎಂದು ಕೇಳಿದರೆ ಉಳಿಯಲಾರದು. ದರಕಿನ ಹೊರೆಯವಳು ಐದು ನಿಮಿಷ ಮೊದಲು ಮನೆ ಮುಟ್ಟಿಯಾಳು. ಐದು ನಿಮಿಷ ಎಂದರೆ ತಲೆಯ ಮೇಲೆ ಹೊರೆ ಇದ್ದವರಿಗೆ ಗೊತ್ತು.

ಅಂದಿನಿಂದ ನನಗೊಂದು ಅಭ್ಯಾಸ ಅಂಟಿಕೊಂಡಿದೆ. ಮದುವೆ ಮುಂಜಿಗೆಂದು ಯಾರ ಮನೆಗೆ ಹೋದರೂ ಕೊನೆಯ ಪಂಕ್ತಿಯಲ್ಲಿ ಯಾರು ಉಣ್ಣುತ್ತಾರೆಂದು ನೋಡುತ್ತೇನೆ. ಅವರು ಯಾರೆಂದು ನಿಮಗೂ ಗೊತ್ತು, ನನಗೂ ಗೊತ್ತು. ನಾನು ಹುಡುಕುವುದು, ಮೊದಲ ಪಂಕ್ತಿಯಲ್ಲೇ ಕೂರಬಹುದಾಗಿದ್ದವರಲ್ಲಿ ಒಬ್ಬರಾದರೂ ಎದ್ದು ಬಂದು ಬಡಿಸುವ ಕೈಯಿಂದ ಸೌಟು ಇಸಿದುಕೊಂಡಿದ್ದಾರೆಯೇ ಎಂದು.