ಇಂದಿನ ಚಿಂತನೆ: ಹಕ್ಕಿಯ ಕಾಲಿನ ಉಂಗುರ



ಕೆಲವು ವರ್ಷಗಳ ಹಿಂದೆ ದಸರಾ ರಜೆಯಲ್ಲಿ ನಾವು ನಾಲ್ವರು ನಾಗಪಟ್ಟಣಕ್ಕೆ ಹೋಗಿದ್ದೆವು. ಚೋಳರ ಕಾಲದಲ್ಲಿ ಚೂಡಾಮಣಿ ವಿಹಾರ ಇದ್ದ ಊರದು. ಆ ಕಥೆ ಇನ್ನೊಂದು ದಿನಕ್ಕಿರಲಿ. ಅಲ್ಲಿಂದ ದಕ್ಷಿಣಕ್ಕೆ, ಸಮುದ್ರದ ಮೂಲೆಯಲ್ಲಿ ಕೋಡಿಯಕ್ಕರೈ ವನ್ಯಧಾಮವಿದೆ. ಅಕ್ಟೋಬರ್ ಹೊತ್ತಿಗೆ ಸೈಬೀರಿಯಾದ ಕಡೆಯ ಹಕ್ಕಿಗಳು ಅಲ್ಲಿನ ಉಪ್ಪುನೀರಿನ ಬಯಲಿಗೆ ಬಂದಿಳಿಯುತ್ತವೆ.

ಬೆಳಗಿನ ಜಾವ ಬಲೆಗೆ ಬಿದ್ದ ಒಂದು ಪುಟ್ಟ ಹಕ್ಕಿಯನ್ನು ಬಟ್ಟೆಚೀಲದಿಂದ ತೆಗೆದು ತೂಗಿದರು, ರೆಕ್ಕೆ ಅಳೆದರು, ಕಾಲಿಗೆ ಅಲ್ಯೂಮಿನಿಯಂ ಉಂಗುರ ಒತ್ತಿದರು. ಉಂಗುರದ ಮೇಲೊಂದು ನಂಬರು, ಮುಂಬೈಯ ಸಂಸ್ಥೆಯ ಹೆಸರು. ಮುಂದೆ ಎಲ್ಲಾದರೂ ಸಿಕ್ಕರೆ ಅದು ಹೋದ ದಾರಿ ತಿಳಿಯುತ್ತದೆ, ಆ ದಾರಿಯ ಕೆರೆ ಕೊಳಗಳನ್ನು ಉಳಿಸಿ ಎಂದು ಕೇಳುವುದಕ್ಕೆ ಆಧಾರ ಸಿಗುತ್ತದೆ. ಮೂವತ್ತು ಗ್ರಾಂ ಇದ್ದೀತು ಹಕ್ಕಿ. ಎದೆ ಹೊಡೆದುಕೊಳ್ಳುವುದು ಕಣ್ಣಿಗೇ ಕಾಣುತ್ತಿತ್ತು.

ಇದು ಹಿಂಸೆಯಲ್ಲವೇ ಎಂದೆ. "ಚೇತನವೇ ಕಮ್ಮ ಅಂತ ನೀವೇ ಪಾಠ ಮಾಡ್ತೀರಲ್ಲ ಮೇಷ್ಟ್ರೇ, ಇವರ ಉದ್ದೇಶ ಒಳ್ಳೇದೇ" ಎಂದರು ಜೊತೆಗಿದ್ದ ಹಿರಿಯರು. ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ನಮ್ಮನ್ನು ಊರಾಚೆ ಇಟ್ಟವರೂ ಲೋಕದ ಒಳಿತಿಗೇ ಎಂದಿದ್ದರು.

ಆಮೇಲೆ ಆ ಕೈಗಳನ್ನು ನೋಡಿದೆ. ಕಾಲಿನ ಗಾತ್ರ ನೋಡಿಯೇ ಉಂಗುರ ಆರಿಸುತ್ತಿದ್ದರು. ಬಿಗಿಯಾದರೆ ಕಾಲು ಕೊಯ್ಯುತ್ತದೆ. ಹಕ್ಕಿ ಬಳಲಿದ್ದರೆ ಉಂಗುರವಿಲ್ಲದೆಯೇ ಬಿಟ್ಟುಬಿಡುತ್ತಾರಂತೆ. ಹಕ್ಕಿ ಹಿಡಿಯುವ ಈ ಕೈಚಳಕವನ್ನು ವಿಜ್ಞಾನಿಗಳಿಗೆ ಕಲಿಸಿದವರಲ್ಲಿ ಬಿಹಾರದ ಮೀರ್‌ಶಿಕಾರ್‌ಗಳೂ ಇದ್ದಾರೆ. ಹಕ್ಕಿ ಹಿಡಿದು ಮಾರುವುದು ಅವರ ಕುಲಕಸುಬಾಗಿತ್ತು. ಪ್ರಾಣಿಗಳ ವ್ಯಾಪಾರ ಉಪಾಸಕನಿಗೆ ಸಲ್ಲದು ಎಂದು ಬುದ್ಧರು ಹೇಳಿದ್ದು ನಮಗೆ ಗೊತ್ತಿದೆ. ಅದೇ ಕೈ, ಅದೇ ಬಲೆ. ಆಜೀವ ಮಾತ್ರ ಬೇರೆಯಾಯಿತು.

ಊರಿಗೆ ಬಂದ ಮೇಲೆ ಬೇರೆಯದೇ ಕಾಡತೊಡಗಿತು. ವಿದ್ಯಾರ್ಥಿವೇತನದ ಅರ್ಜಿ ಬಂದಾಗ "ಎಸ್‌ಸಿ ಮಕ್ಕಳು ಎದ್ದು ನಿಲ್ಲಿ" ಎಂದು ತುಂಬಿದ ತರಗತಿಯಲ್ಲಿ ನಾನೂ ಕೂಗಿದವನೇ. ಚಿಕ್ಕಂದಿನಲ್ಲಿ ಹಾಗೆ ಎದ್ದು ನಿಂತವನೂ ಹೌದು. ಹಣ ಮಕ್ಕಳ ಹಕ್ಕು, ಲೆಕ್ಕಕ್ಕೆ ಸಿಗದವರಿಗೆ ಹಕ್ಕು ಸಿಗುವುದಿಲ್ಲ. 1990ರ ತಿದ್ದುಪಡಿಯಿಂದ ಬೌದ್ಧರಾದ ನಮ್ಮವರಿಗೂ ಮೀಸಲಾತಿ ಸಿಕ್ಕಿತು, ಆದರೆ ಬಿಟ್ಟುಬಂದ ಜಾತಿಯ ಹೆಸರನ್ನು ಅರ್ಜಿಯಲ್ಲಿ ಬರೆಯಲೇಬೇಕು. ಆ ಉಂಗುರ ಬೇಡವೆನ್ನಲು ನನಗೆ ಬಾಯಿಲ್ಲ. ತೊಡಿಸುವ ಕೈ ಮಾತ್ರ ನನ್ನದು.

ಒಂದು ವರ್ಷ ಏಳನೇ ತರಗತಿಯ ಹುಡುಗಿಯೊಬ್ಬಳು ಏಳಲಿಲ್ಲ. ಎರಡು ಸಲ ಕರೆದೆ. ತಲೆ ಬಗ್ಗಿಸಿ ಪುಸ್ತಕ ನೋಡುತ್ತಲೇ ಇದ್ದಳು. ಆ ವರ್ಷ ಅವಳ ಅರ್ಜಿ ಹೋಗಲೇ ಇಲ್ಲ.

ಈಗ ಅರ್ಜಿಗಳನ್ನು ಚೀಲದಲ್ಲಿಟ್ಟುಕೊಂಡು ಸಂಜೆ ಮನೆಮನೆಗೆ ಹೋಗುತ್ತೇನೆ.