ತೊಟ್ಟಿಯ ಮೀನಿನ ಅನ್ನಾಧಾರ ಯಾರ ಹೊಣೆ?

ಭೂಮಿಯಲ್ಲಿ ಚಲಿಸುವ ಪ್ರತಿಯೊಂದು ಜೀವಿಯ ಅನ್ನಾಧಾರವೂ ಅಲ್ಲಾಹನ ಹೊಣೆಯಲ್ಲಿದೆ ಎಂದು ಸೂರಃ ಹೂದ್‌ನ 6ನೇ ಸೂಕ್ತ ನಮಗೆ ತಿಳಿಸುತ್ತದೆ. ನಾವು ಅದನ್ನು ಓದುತ್ತೇವೆ, ನಂಬುತ್ತೇವೆ, ಕಷ್ಟಕಾಲದಲ್ಲಿ ಪರಸ್ಪರ ನೆನಪಿಸಿ ಸಮಾಧಾನ ಹೇಳುತ್ತೇವೆ. ಹಾಗಾದರೆ ಪ್ರಿಯ ಓದುಗರೇ, ಒಂದು ಪ್ರಶ್ನೆ. ನಿಮ್ಮ ಮನೆಯ ತಾರಸಿಯಲ್ಲಿ ಒಂದು ತೊಟ್ಟಿಯಿದೆ, ಅದರಲ್ಲಿ ಮೀನುಗಳಿವೆ ಎಂದಿಟ್ಟುಕೊಳ್ಳಿ. ಆ ಮೀನುಗಳ ಅನ್ನಾಧಾರ ಯಾರ ಹೊಣೆ? ಅಲ್ಲಾಹನದೋ, ನಿಮ್ಮದೋ?

ಇದು ಬರೀ ತರ್ಕಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. ಜಾಗವಿಲ್ಲದ ನಗರದ ಮನೆಗಳಲ್ಲಿ ಮೀನು ಮತ್ತು ಸೊಪ್ಪನ್ನು ಜೊತೆಯಾಗಿ ಬೆಳೆಸುವ ಆಕ್ವಾಪೋನಿಕ್ಸ್ ಎಂಬ ವಿಧಾನದ ಬಗ್ಗೆ ಇಂದು ಅನೇಕರು ಆಸಕ್ತಿ ತೋರುತ್ತಿದ್ದಾರೆ. ಅದರ ಕ್ರಮ ಸರಳವಾಗಿದೆ. ತೊಟ್ಟಿಯ ಮೀನುಗಳು ಆಹಾರ ತಿಂದು ಅಮೋನಿಯವನ್ನು ಹೊರಹಾಕುತ್ತವೆ. ಅದು ನೀರಿನಲ್ಲಿ ಹೆಚ್ಚಿದರೆ ಮೀನಿಗೇ ವಿಷ. ಒಂದು ಸಣ್ಣ ಪಂಪು ಆ ನೀರನ್ನು ಜಲ್ಲಿಕಲ್ಲು ತುಂಬಿದ ಪಾತಿಗೆ ಏರಿಸುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿ, ಅನಂತರ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟ್ ಗಿಡಕ್ಕೆ ಆಹಾರ. ಪುದೀನ, ಕೊತ್ತಂಬರಿ, ಪಾಲಕ್, ಹರಿವೆ, ಶರಬತ್ತಿಗೆ ಬೀಜ ಕೊಡುವ ಕಾಮಕಸ್ತೂರಿ, ಎಲ್ಲವೂ ಅದನ್ನು ಹೀರಿ ಬೆಳೆಯುತ್ತವೆ. ಶುದ್ಧವಾದ ನೀರು ಮರಳಿ ಮೀನಿನ ತೊಟ್ಟಿಗೆ ಇಳಿಯುತ್ತದೆ. ಒಂದರ ಕೊಳೆ ಇನ್ನೊಂದರ ಆಹಾರ! ಸೃಷ್ಟಿಕರ್ತನ ಯೋಜನೆಯಲ್ಲಿ ವ್ಯರ್ಥವೆಂಬುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕೇ?

ಇದರಲ್ಲಿ ಲಾಭಗಳಿವೆ. ನೀರು ಸುತ್ತುತ್ತಲೇ ಇರುವುದರಿಂದ ಆವಿಯಾದಷ್ಟನ್ನು, ಗಿಡ ಹೀರಿದಷ್ಟನ್ನು ಮಾತ್ರ ತುಂಬಿದರೆ ಸಾಕು. ಕೀಟನಾಶಕ ಸಿಂಪಡಿಸುವಂತಿಲ್ಲ, ಸಿಂಪಡಿಸಿದರೆ ಮೀನು ಸಾಯುತ್ತದೆ. ಆದ್ದರಿಂದ ಮಕ್ಕಳ ಊಟಕ್ಕೆ ವಿಷವಿಲ್ಲದ ಸೊಪ್ಪು ಸಿಗುತ್ತದೆ. ಮೀನಿನ ಕೊಳೆಯಿಂದ ಬೆಳೆದ ಸೊಪ್ಪು ಶುದ್ಧವೇ ಎಂದು ಕೆಲವರು ಶಂಕಿಸಬಹುದು. ಗೊಬ್ಬರದಲ್ಲಿ ಬೆಳೆದ ಬೆಳೆ ಶುದ್ಧವೆಂದು ಶಾಫಿಈ, ಹನಫೀ ಎರಡೂ ಮದ್‌ಹಬ್‌ಗಳ ವಿದ್ವಾಂಸರು ಹೇಳಿದ್ದಾರೆ. ಚೆನ್ನಾಗಿ ತೊಳೆದು ತಿನ್ನಿರಿ. ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯ, ಪಕ್ಷಿ, ಪ್ರಾಣಿ ಯಾವುದು ತಿಂದರೂ ಅದು ಅವನ ಪಾಲಿಗೆ ದಾನವಾಗುತ್ತದೆಂದು ಪ್ರವಾದಿವರ್ಯರು(ಸ) ಕಲಿಸಿರುವುದನ್ನು ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿದ್ದಾರೆ. ಪಾತಿಯ ಪುದೀನಕ್ಕೂ ಈ ಶುಭವಾರ್ತೆ ಅನ್ವಯಿಸುತ್ತದೆ.

ಆದರೆ ಪಾತಿಯ ಕೆಳಗೆ ತೊಟ್ಟಿಯಿದೆ. ನಮ್ಮ ಪ್ರಶ್ನೆ ಇರುವುದು ಅಲ್ಲಿ.

ಹೊಳೆಯ ಮೀನಿಗೂ ತೊಟ್ಟಿಯ ಮೀನಿಗೂ ಇರುವ ವ್ಯತ್ಯಾಸವನ್ನು ಯೋಚಿಸಿ ನೋಡಿ. ಹೊಳೆಯಲ್ಲಿ ಆಹಾರ ಕಡಿಮೆಯಾದರೆ ಮೀನು ಬೇರೆ ಕಡೆ ಈಜುತ್ತದೆ. ನೀರು ಕೆಟ್ಟರೆ ತಪ್ಪಿಸಿಕೊಳ್ಳುತ್ತದೆ. ಅಲ್ಲಾಹನು ಅದಕ್ಕೆ ಅನ್ನಾಧಾರವನ್ನೂ ಇಟ್ಟಿದ್ದಾನೆ, ಅದನ್ನು ಹುಡುಕುವ ದಾರಿಯನ್ನೂ ಇಟ್ಟಿದ್ದಾನೆ. ತೊಟ್ಟಿಗೆ ಹಾಕಿದ ದಿನ ನಾವು ಆ ದಾರಿಯನ್ನು ಮುಚ್ಚಿದೆವು. ಬೆಕ್ಕಿನ ಕಾರಣದಿಂದ ನರಕಕ್ಕೆ ಹೋದ ಸ್ತ್ರೀಯ ಬಗ್ಗೆ ಪ್ರವಾದಿವರ್ಯರು(ಸ) ಹೇಳಿದ್ದು ನಮಗೆಲ್ಲ ಗೊತ್ತಿದೆ. ಆ ಹದೀಸಿನಲ್ಲಿ ಅವಳ ಮೇಲಿನ ಆರೋಪವನ್ನು ಗಮನವಿಟ್ಟು ನೋಡಿರಿ. ಅವಳು ಬೆಕ್ಕನ್ನು ಕೂಡಿಹಾಕಿದಳು. ಅದಕ್ಕೆ ಉಣಿಸಲೂ ಇಲ್ಲ, ಹೊರಗೆ ಹೋಗಿ ಹುಳಹುಪ್ಪಟೆ ತಿನ್ನಲು ಬಿಡಲೂ ಇಲ್ಲ. ಬೀದಿಯ ಬೆಕ್ಕುಗಳಿಗೆಲ್ಲ ಅವಳು ಏಕೆ ಅನ್ನ ಹಾಕಲಿಲ್ಲವೆಂದು ಕೇಳಲಾಗಿಲ್ಲ. ತಾನೇ ಬಾಗಿಲು ಮುಚ್ಚಿದ ಬೆಕ್ಕಿನ ಬಗ್ಗೆ ಮಾತ್ರ ಕೇಳಲಾಯಿತು. ಬಾಗಿಲು ಮುಚ್ಚಿದ ಕೈಗೇ ಉಣಿಸುವ ಹೊಣೆ ಅಂಟಿಕೊಳ್ಳುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಅನ್ನದಾತ ಅಲ್ಲಾಹನೊಬ್ಬನೇ ಆಗಿರುವಾಗ ಮನುಷ್ಯನು ಆ ಸ್ಥಾನದಲ್ಲಿ ನಿಲ್ಲುವುದು ಹೇಗೆ? ಖಂಡಿತ, ಯಾರೂ ಆ ಸ್ಥಾನದಲ್ಲಿ ನಿಲ್ಲಲಾರರು. ಕೊಡುವವನು ಅವನೇ. ಆದರೆ ಅವನು ಕೊಟ್ಟದ್ದು ಆ ಮೀನಿಗೆ ತಲುಪಬೇಕಾದ ಕಾಲುವೆ ಈಗ ನೀವಾಗಿದ್ದೀರಿ. ಕಾಲುವೆ ಕಟ್ಟಿಕೊಂಡರೆ ದೋಷ ಮಳೆಯದ್ದೇ? ಒಂಟೆಯನ್ನು ಕಟ್ಟಿ ಭರವಸೆಯಿಡಲೋ, ಬಿಟ್ಟು ಭರವಸೆಯಿಡಲೋ ಎಂದು ಕೇಳಿದವನಿಗೆ ಕಟ್ಟಿದ ಮೇಲೆ ಭರವಸೆಯಿಡಲು ಪ್ರವಾದಿವರ್ಯರು(ಸ) ಹೇಳಿದರೆಂದು ತಿರ್ಮಿದಿಯಲ್ಲಿದೆ. ತೊಟ್ಟಿಯ ವಿಷಯದಲ್ಲಿ ಈ ಕಟ್ಟುವ ಹಗ್ಗ ಯಾವುದು? ಕರೆಂಟು ಹೋದಾಗ ಗಾಳಿ ಊದುವ ಯಂತ್ರ ನಿಲ್ಲುತ್ತದೆ. ಒತ್ತಾಗಿ ಮೀನು ತುಂಬಿದ ತೊಟ್ಟಿಯಲ್ಲಿ ಆಮ್ಲಜನಕ ಬೇಗನೆ ಮುಗಿಯುತ್ತದೆ. ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗುತ್ತವೆ, ಕೆಲವೇ ಗಂಟೆಗಳಲ್ಲಿ ಸಾಯಲೂಬಹುದು. ಬ್ಯಾಟರಿಯಿಂದ ನಡೆಯುವ ಒಂದು ಸಣ್ಣ ಏರ್ ಪಂಪು ಇಲ್ಲಿಯ ಹಗ್ಗ. ಅದನ್ನು ಇಡದೆ ತವಕ್ಕುಲ್ ಎನ್ನುವುದು ಸೋಮಾರಿತನಕ್ಕೆ ಒಳ್ಳೆಯ ಹೆಸರಿಟ್ಟಂತೆ. ತಾನಾಗಿ ಸತ್ತು ತೇಲಿದ ಮೀನನ್ನು ತಿನ್ನಬಹುದೇ ಎಂಬುದರಲ್ಲಿ ಶಾಫಿಈ, ಹನಫೀ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ಕೂಡಿಹಾಕಿದ ಜೀವಿಯನ್ನು ಅಲಕ್ಷ್ಯದಿಂದ ಸಾಯಿಸುವುದು ತಪ್ಪೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಹಾಗೆಂದು ಬರೀ ಮರುಕವಿದ್ದರೆ ಹೊಣೆ ತೀರುವುದಿಲ್ಲ. ಮಕ್ಕಳು ಪ್ರೀತಿಯಿಂದ ಮುಷ್ಟಿಗಟ್ಟಲೆ ಆಹಾರ ಎಸೆಯುತ್ತಾರೆ. ತಿನ್ನದೆ ಉಳಿದದ್ದು ಕೊಳೆತು ಅಮೋನಿಯವಾಗುತ್ತದೆ. ಉಣಿಸಿದ ಕೈಯೇ ವಿಷವಿಕ್ಕಿದಂತಾಗುತ್ತದೆ. ಬೆಳೆಯುತ್ತಿರುವ ಮೀನಿಗೆ ಸಾಮಾನ್ಯವಾಗಿ ದಿನಕ್ಕೆ ಅದರ ತೂಕದ ಶೇಕಡಾ 1ರಿಂದ 2ರಷ್ಟು ಆಹಾರ ಸಾಕು. 5 ಕಿಲೋ ಮೀನಿದ್ದರೆ ಹೆಚ್ಚೆಂದರೆ 100 ಗ್ರಾಂ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು 2014ರಲ್ಲಿ ಸಣ್ಣ ಪ್ರಮಾಣದ ಆಕ್ವಾಪೋನಿಕ್ಸ್ ಬಗ್ಗೆ ಕೈಪಿಡಿಯೊಂದನ್ನು ಪ್ರಕಟಿಸಿತು. ಸೊಪ್ಪಿನ ಪಾತಿಯ ಒಂದು ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಆಹಾರ, 1000 ಲೀಟರ್ ನೀರಿಗೆ 20 ಕಿಲೋಗಿಂತ ಹೆಚ್ಚು ಮೀನು ಬೇಡ ಎಂಬುದು ಅದರ ಲೆಕ್ಕ. ಅಂದರೆ ಆ 100 ಗ್ರಾಂ ಆಹಾರಕ್ಕೆ ಎರಡು ಚದರ ಮೀಟರ್ ಸೊಪ್ಪು ಸರಿಸಮ. ಬ್ಯಾಕ್ಟೀರಿಯಗಳು ನೆಲೆಗೊಳ್ಳಲು ಸುಮಾರು 4ರಿಂದ 6 ವಾರ ಬೇಕು. ಅದಕ್ಕೆ ಮೊದಲೇ ತೊಟ್ಟಿ ತುಂಬ ಮೀನು ಬಿಟ್ಟರೆ ಅವು ತಮ್ಮ ಕೊಳೆಯಲ್ಲೇ ಸಾಯುತ್ತವೆ. ಕ್ಲೋರಿನ್ ಹಾಕಿದ ನಲ್ಲಿ ನೀರನ್ನು ಒಂದೆರಡು ದಿನ ತೆರೆದಿಟ್ಟು ಬಳಸಬೇಕು. ಅಲ್ಲಾಹನು ಆಕಾಶವನ್ನೆತ್ತಿ ತುಲಾಭಾರವನ್ನು ಸ್ಥಾಪಿಸಿದನೆಂದೂ ಅದರಲ್ಲಿ ಮಿತಿಮೀರಬಾರದೆಂದೂ ಸೂರಃ ಅರ್ರಹ್ಮಾನ್ ತಿಳಿಸುತ್ತದೆ. ಕೆಲವೇ ಸೂಕ್ತಗಳ ನಂತರ ಅದೇ ಸೂರಃದಲ್ಲಿ ಪರಿಮಳದ ಗಿಡ ರೈಹಾನ್‌ನ ಪ್ರಸ್ತಾಪವಿದೆ. ತೂಕ ತಪ್ಪಿದ ಕರುಣೆಯೂ ಅಕ್ರಮವಾಗಬಲ್ಲದು.

ಇನ್ನು ಉತ್ಸಾಹ ತಣ್ಣಗಾದಾಗ ಏನು ಮಾಡಬೇಕು? ಹಿಜರಿ 660ರಲ್ಲಿ ನಿಧನರಾದ ಶಾಫಿಈ ವಿದ್ವಾಂಸ ಇಝ್ಝುದ್ದೀನ್ ಇಬ್ನು ಅಬ್ದಿಸ್ಸಲಾಮ್‌ರು ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಪಟ್ಟಿ ಮಾಡುತ್ತಾ, ಪ್ರಾಣಿಯು ಮುದಿಯಾಗಿ ಅಥವಾ ರೋಗದಿಂದ ನಿಷ್ಪ್ರಯೋಜಕವಾದರೂ ಅದರ ಖರ್ಚನ್ನು ಒಡೆಯನೇ ನೋಡಿಕೊಳ್ಳಬೇಕು ಎಂದಿದ್ದಾರೆ. ಸೊಪ್ಪು ಬೇಡವಾದ ದಿನವೂ ಮೀನಿನ ಹಕ್ಕು ಬಾಕಿಯಿರುತ್ತದೆ. ಬೇಡವೆಂದು ಹತ್ತಿರದ ಹೊಳೆಗೋ ಕೆರೆಗೋ ಬಿಡುವುದು ಪರಿಹಾರವಲ್ಲ. ತಿಲಾಪಿಯದಂತಹ ಹೊರನಾಡಿನ ಮೀನುಗಳು ನಮ್ಮ ನೀರಿನ ಮೀನುಗಳ ಆಹಾರವನ್ನು ಕಸಿಯುತ್ತವೆ. ಸಾಕಬಲ್ಲವರಿಗೆ ಕೊಡಿರಿ, ಇಲ್ಲವೇ ಹೆಚ್ಚು ನೋವಾಗದಂತೆ ಹಿಡಿದು ಅಡುಗೆಗೆ ಬಳಸಿರಿ.

ಪ್ರಿಯ ಓದುಗರೇ, ಇಷ್ಟೆಲ್ಲ ಕೆಲವು ಮೀನುಗಳಿಗಾಗಿಯೇ ಎಂದು ನಿಮಗೆ ಅನಿಸಬಹುದು. ಮೂಕಜೀವಿಯ ಬಗ್ಗೆ ಇಷ್ಟು ಕಟ್ಟುನಿಟ್ಟಾದ ವಿಚಾರಣೆಯಿದ್ದರೆ, ನಮ್ಮ ಕೈಯಲ್ಲಿ ದಾರಿ ಮುಚ್ಚಿರುವ ಮನುಷ್ಯರ ಬಗ್ಗೆ ಎಷ್ಟಿರಬಹುದು? ಮೆಟ್ಟಿಲಿಳಿಯಲಾಗದ ಮುದಿ ತಾಯಿ, ತವರಿಲ್ಲದ ಸೊಸೆ, ಬೇರೆ ಊರಿನಿಂದ ಬಂದು ಮನೆಗೆಲಸ ಮಾಡುವ ಹುಡುಗಿ, ಚಿಕ್ಕಪ್ಪನ ಆಶ್ರಯದಲ್ಲಿರುವ ಅನಾಥ ಮಗು. ಇವರಿಗೆ ಬೇರೆ ಹೊಳೆಯಿಲ್ಲ. ತನ್ನ ಕೈಯಲ್ಲಿ ಅನ್ನವಿರುವವರಿಗೆ ಅದನ್ನು ತಡೆಹಿಡಿಯುವುದೇ ಒಬ್ಬನ ಪಾಪಕ್ಕೆ ಸಾಕೆಂದು ಪ್ರವಾದಿವರ್ಯರು(ಸ) ಎಚ್ಚರಿಸಿರುವುದನ್ನು ಇಮಾಮ್ ಮುಸ್ಲಿಮ್ ವರದಿ ಮಾಡಿದ್ದಾರೆ. ಅಲ್ಲಾಹನು ನೋಡಿಕೊಳ್ಳುತ್ತಾನೆ ಎಂದು ಅವರಿಗೆ ಹೇಳುವ ಮೊದಲು, ಅವನು ಅವರ ಪಾಲನ್ನು ಯಾರ ಕೈಯಲ್ಲಿಟ್ಟಿದ್ದಾನೆಂದು ನೋಡಿಕೊಳ್ಳೋಣ.

ಆದ್ದರಿಂದ ತೊಟ್ಟಿ ಕಟ್ಟಿರಿ, ಸೊಪ್ಪು ಬೆಳೆಯಿರಿ, ಒಂದು ಕಟ್ಟು ನೆರೆಮನೆಗೂ ಕಳುಹಿಸಿರಿ. ಮೀನು ತರುವ ಮುಂಚೆ ಬ್ಯಾಟರಿಯನ್ನು ತನ್ನಿರಿ, ಆಹಾರ ತೂಗುವ ಚಿಕ್ಕ ತಕ್ಕಡಿಯನ್ನು ತನ್ನಿರಿ, ಊರಿಗೆ ಹೋದಾಗ ಯಾರು ನೋಡಿಕೊಳ್ಳುವರೆಂದು ಗೊತ್ತುಮಾಡಿರಿ. ನಮ್ಮ ಕೈಗೆ ಒಪ್ಪಿಸಿದ ಪ್ರತಿಯೊಂದು ಜೀವದ ಅಮಾನತ್ತನ್ನು ಕಾಪಾಡುವ ಶಕ್ತಿಯನ್ನು ಅಲ್ಲಾಹನು ನಮಗೆ ಅನುಗ್ರಹಿಸಲಿ. ಆಮೀನ್.