ತೂಬು ಮುಚ್ಚುವ ಕೈ



ಸಖರಾಯಪಟ್ಟಣದವರಿಗೆ ತೂಬು ಎಂದರೇನೆಂದು ಹೇಳಬೇಕಾಗಿಲ್ಲ. ಅಯ್ಯನಕೆರೆಯಲ್ಲಿ ಎಷ್ಟೇ ನೀರಿದ್ದರೂ ತೂಬು ತೆರೆಯಲು ಒಂದು ಕೈ ಬೇಕು. ಸಾಕಾದಾಗ ಮುಚ್ಚಲೂ ಬೇಕು. ಮುಚ್ಚುವವರಿಲ್ಲದಿದ್ದರೆ ಪೈರಿಗೆ ಜೀವ ಕೊಟ್ಟ ನೀರೇ ಪೈರನ್ನು ಕೊಳೆಸುತ್ತದೆ. ಮನೆಯೊಳಗೆ ಬರುವ ಟಿ.ವಿ.ಯ ಮಾತೂ ಹೀಗೆಯೇ.

ತೊಂಬತ್ತರ ದಶಕದಲ್ಲಿ ಕೇಬಲ್ ಮನೆಮನೆಗೆ ಬಂತು. 1994ರಲ್ಲಿ ಉದಯ ಟಿ.ವಿ. ಆರಂಭವಾಯಿತು. ಸಂಜೆಯ ಧಾರಾವಾಹಿಗೂ ಜಪಸರಕ್ಕೂ ಪೈಪೋಟಿ ಬಿತ್ತು. ಅದೇ ವರ್ಷ ಜಗದ್ಗುರು ಎರಡನೇ ಜಾನ್ ಪಾಲರು ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶವನ್ನು ಟಿ.ವಿ. ಮತ್ತು ಕುಟುಂಬದ ಬಗ್ಗೆಯೇ ಬರೆದರು. ಮಕ್ಕಳನ್ನು ಟಿ.ವಿ.ಯ ಮುಂದೆ ಕೂರಿಸಿ ತಮ್ಮ ಹೊಣೆಯನ್ನು ಅದಕ್ಕೆ ಒಪ್ಪಿಸಬಾರದೆಂದು ಹೆತ್ತವರನ್ನು ಎಚ್ಚರಿಸಿದರು. ಕೆಲವೊಮ್ಮೆ ಅದನ್ನು ಆರಿಸಿಬಿಡುವುದೇ ಸರಿಯೆಂದರು.

ಈಗ ಅನೇಕ ಮನೆಗಳಲ್ಲಿ ಕೇಬಲ್ ಹೋಗಿ ಇಂಟರ್‌ನೆಟ್ ಬಂದಿದೆ. ಅಂದು ಮನೆಗೊಂದೇ ಟಿ.ವಿ.; ರಿಮೋಟಿಗಾಗಿ ಜಗಳ. ಇಂದು ಜಗಳವಿಲ್ಲ. ಅಪ್ಪ ಜಗಲಿಯಲ್ಲಿ ಸುದ್ದಿ ನೋಡುತ್ತಾರೆ, ಅಮ್ಮ ಅಡುಗೆಮನೆಯಲ್ಲಿ ಧಾರಾವಾಹಿ, ಮಗ ಕೋಣೆಯ ಬಾಗಿಲು ಹಾಕಿಕೊಂಡು ಇನ್ನೇನನ್ನೋ. ಇದನ್ನು ಶಾಂತಿ ಎನ್ನೋಣವೇ? ಜಗಳವಾಡಲಾದರೂ ಅಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು! ಅಂದು ಧಾರಾವಾಹಿ ಅರ್ಧ ಗಂಟೆಗೆ ಮುಗಿಯುತ್ತಿತ್ತು. ಇಂದು ಒಂದು ಕಂತು ಮುಗಿಯುತ್ತಲೇ ಮುಂದಿನದು ತಾನಾಗಿ ಶುರುವಾಗುತ್ತದೆ. ತೂಬು ಮುಚ್ಚುವ ಕೈ ನಮ್ಮದೇ ಆಗಬೇಕು.

ಹಾಗೆಂದು ಈ ಸೌಲಭ್ಯ ಕೆಟ್ಟದ್ದಲ್ಲ. ಅಸ್ಸಿಸಿಯ ಸಂತ ಕ್ಲಾರಾ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾಗ, ಕ್ರಿಸ್ತಜಯಂತಿಯ ರಾತ್ರಿ ದೇವಾಲಯದ ಆರಾಧನೆಯನ್ನು ಮಲಗಿದ್ದಲ್ಲಿಂದಲೇ ಕಂಡು ಕೇಳಿದರೆಂದು ಹೇಳುತ್ತಾರೆ. ಆದ್ದರಿಂದಲೇ 1958ರಲ್ಲಿ ಜಗದ್ಗುರು ಹನ್ನೆರಡನೇ ಪಿಯೂಸರು ಅವರನ್ನು ಟಿ.ವಿ. ಮಾಧ್ಯಮದ ಪಾಲಕಿಯೆಂದು ಘೋಷಿಸಿದರು. 2020ರಲ್ಲಿ ದೇವಾಲಯಗಳು ಮುಚ್ಚಿದ್ದಾಗ ನಾವೂ ಮೊಬೈಲಿನಲ್ಲೇ ಬಲಿಪೂಜೆಯನ್ನು ಕಂಡೆವು. ಎದ್ದು ಬರಲಾಗದ ಅಜ್ಜಿಗೆ ಅದು ಇಂದಿಗೂ ವರ. ಎದ್ದು ಬರಬಲ್ಲ ನಮಗೆ ಅದು ನೆಪವಾಗದಿರಲಿ.

ಇನ್ನೊಂದು ಮಾತು. "ಈಗ ಎದ್ದರೆ ಧಾರಾವಾಹಿ ತಪ್ಪಿಹೋಗುತ್ತದೆ" ಎಂದು ಅಂದು ಹೇಳುತ್ತಿದ್ದೆವು. ಇಂದು ಆ ಮಾತಿಗೆ ಎಡೆಯಿಲ್ಲ. ಅರ್ಧಕ್ಕೆ ನಿಲ್ಲಿಸಿದ ಕಾರ್ಯಕ್ರಮ ನಾಳೆಯವರೆಗೂ ಕಾಯುತ್ತದೆ. ಮುಪ್ಪಾದ ತಾಯಿ ಹಾಗೆ ಕಾಯಲಾರರು. ಬೆಳೆಯುವ ಮಗುವೂ ಕಾಯಲಾರದು.

ಈ ವಾರ ಒಂದು ಸಂಜೆಯಾದರೂ ಮನೆಯ ಮೊಬೈಲುಗಳನ್ನೆಲ್ಲ ಪೀಠದ ಬಳಿ ಇಟ್ಟು, ಮೋಂಬತ್ತಿ ಹಚ್ಚಿ, ಎಲ್ಲರೂ ಕೂಡಿ ಜಪಸರ ಹೇಳಿರಿ. ಬಳಿಕ ಒಂದಿಷ್ಟು ಹೊತ್ತು ಸುಮ್ಮನೆ ಮಾತಾಡಿರಿ. ಇಬ್ಬರು ಮೂವರು ತಮ್ಮ ಹೆಸರಿನಲ್ಲಿ ಕೂಡುವೆಡೆ ತಾವೂ ಇರುವುದಾಗಿ ಸ್ವಾಮಿ ಮಾತು ಕೊಟ್ಟಿದ್ದಾರೆ. ಒಂದೇ ಸೂರಿನಡಿ ಇದ್ದೂ ನಾವು ಕೂಡದಿದ್ದರೆ ಆ ಮಾತನ್ನು ಅವರು ನಮ್ಮಲ್ಲಿ ನಡೆಸಿಕೊಡುವುದಾದರೂ ಹೇಗೆ?

ಯೇಸುಸ್ವಾಮಿ, ಬೇಕಾದಾಗ ತೆರೆಯುವ, ಸಾಕಾದಾಗ ಮುಚ್ಚುವ ವಿವೇಕವನ್ನು ನಮ್ಮ ಮನೆಗೆ ದಯಪಾಲಿಸಿರಿ. ಆಮೆನ್.